ನೋವಿಲ್ಲದ ಹುಣ್ಣು

ನಾನು ಹಲ್ಲಿನ ಡಾಕ್ಟರು. ಮಲೆನಾಡಿನ ಒಂದು ತಾಲ್ಲೂಕು ಪೇಟೆಯಲ್ಲಿ ಒಂದೇ ಕುರ್ಚಿಯ ಕ್ಲಿನಿಕ್ ಇಟ್ಟು ಹದಿನಾರು ವರ್ಷ ಆಯ್ತು. ಇಲ್ಲಿ ಊಟ ಆದ ಮೇಲೆ ಕವಳ, ಅಂದ್ರೆ ಎಲೆ ಅಡಿಕೆ, ಹಾಕದವರು ಕಡಿಮೆ. ನಮ್ಮ ಮನೆಯದೂ ಅಡಿಕೆ ತೋಟವೇ, ನಾನು ಓದಿದ್ದು ಅದರ ದುಡ್ಡಲ್ಲೇ. ಹಾಗಾಗಿ ಬಾಯಿ ಕ್ಯಾನ್ಸರ್ ಬಗ್ಗೆ ಬರೆಯುವುದು ನನಗೆ ಸುಲಭ ಅಲ್ಲ.

ಕ್ಲಿನಿಕ್ ಶುರು ಮಾಡಿದ ಎರಡನೇ ವರ್ಷ ಒಬ್ಬ ಅಮ್ಮ ಬಂದರು. ಕೆಳಗಿನ ಒಂದು ದವಡೆ ಹಲ್ಲು ಅಲ್ಲಾಡುತ್ತಿತ್ತು, ಉಳಿದವೆಲ್ಲ ಗಟ್ಟಿ. ನಾನು ಜಾಸ್ತಿ ಯೋಚನೆ ಮಾಡದೆ ಕಿತ್ತೆ. ಮೂರು ವಾರ ಬಿಟ್ಟು ಮತ್ತೆ ಬಂದರು. ಹಲ್ಲು ಕಿತ್ತ ಗುಳಿ ಮುಚ್ಚಿರಲಿಲ್ಲ, ಒಳಗಿಂದ ಕೆಂಪು ಮಾಂಸ ಉಕ್ಕಿ ಬಂದ ಹಾಗಿತ್ತು. ಕೀವು ಇರಬೇಕು ಅಂತ ಆಂಟಿಬಯಾಟಿಕ್ ಬರೆದೆ. ಕಡಿಮೆ ಆಗದಿದ್ದಾಗ ಬೇರೆ ಆಂಟಿಬಯಾಟಿಕ್ ಬರೆದೆ. ಕೊನೆಗೆ ದೊಡ್ಡ ಆಸ್ಪತ್ರೆಗೆ ಕಳಿಸುವ ಹೊತ್ತಿಗೆ ಎರಡು ತಿಂಗಳು ಕಳೆದಿತ್ತು. ವಸಡಿನಲ್ಲಿ ಶುರುವಾದ ಕ್ಯಾನ್ಸರ್ ಮೂಳೆಗೆ ಇಳಿದಿತ್ತು, ಹಲ್ಲು ಅಲ್ಲಾಡಿದ್ದೇ ಅದಕ್ಕೆ. ಅರ್ಧ ದವಡೆ ತೆಗೆದರು. ಆಮೇಲೆ ಅವರು ಬದುಕಿದ್ದು ಎರಡು ವರ್ಷ. ಮನೆಯವರು ನನಗೆ ಒಂದು ಮಾತೂ ಅನ್ನಲಿಲ್ಲ. ಆ ಎರಡು ತಿಂಗಳು ಹಾಳಾಗಿದ್ದು ನನ್ನಿಂದ ಅನ್ನೋದು ನನಗೆ ಗೊತ್ತು.

ಅವತ್ತಿನಿಂದ ಯಾರು ಏನಕ್ಕೇ ಬರಲಿ, ಮೊದಲು ಪೂರ್ತಿ ಬಾಯಿ ನೋಡುತ್ತೇನೆ. ಎರಡು ನಿಮಿಷ ಸಾಕು. ಕನ್ನಡಿಯಿಂದ ಕೆನ್ನೆ ಎಳೆದು ಎರಡೂ ಬದಿಯ ಒಳಭಾಗ, ಕೆಳಗಿನ ವಸಡಿಗೂ ಕೆನ್ನೆಗೂ ನಡುವಿನ ಸಂದು, ನಾಲಿಗೆಯನ್ನು ಗಾಜ್ ಬಟ್ಟೆಯಲ್ಲಿ ಹಿಡಿದು ಅದರ ಎರಡು ಅಂಚು, ನಾಲಿಗೆ ಅಡಿ, ಅಂಗುಳ. ನಮ್ಮ ಕಡೆ ಜಾಸ್ತಿ ಕಾಣಿಸುವುದು ಆ ಸಂದಿನಲ್ಲೇ, ಯಾಕಂದ್ರೆ ಕವಳವನ್ನೋ ಹೊಗೆಸೊಪ್ಪನ್ನೋ ಗಂಟೆಗಟ್ಟಲೆ ಒತ್ತಿ ಇಟ್ಟುಕೊಳ್ಳುವ ಜಾಗ ಅದು. ಎಷ್ಟೋ ಸಲ "ಯಾವ ಬದಿಗೆ ಇಡ್ತೀರಿ ಯಜಮಾನ್ರೇ?" ಅಂತ ಕೇಳಿ ಅಲ್ಲಿ ನೋಡಿದರೆ ಬಿಳಿ ಮಚ್ಚೆ ಅಲ್ಲೇ ಇರುತ್ತದೆ. ಕಣ್ಣಲ್ಲಿ ನೋಡಿ ಬಿಟ್ಟರೆ ಆಗಲ್ಲ, ಬೆರಳಿಂದ ಮುಟ್ಟಬೇಕು. ಸಾಮಾನ್ಯ ಹುಣ್ಣಿನ ಅಂಚು ಮೆತ್ತಗಿರುತ್ತದೆ. ಕ್ಯಾನ್ಸರಿನ ಅಂಚು ಒಣಗಿದ ಚರ್ಮದ ಪಟ್ಟಿಯ ಹಾಗೆ ಗಟ್ಟಿ. ಒಮ್ಮೆ ಬೆರಳಿಗೆ ಸಿಕ್ಕರೆ ಮರೆಯುವುದಿಲ್ಲ. ಆಮೇಲೆ ದವಡೆ ಕೆಳಗೆ, ಕುತ್ತಿಗೆಯಲ್ಲಿ ಗಂಟು ಇದೆಯಾ ಅಂತ ಒತ್ತಿ ನೋಡುತ್ತೇನೆ. ಕೊನೆಗೆ ಅವರದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹೋಗುತ್ತದಾ ಅಂತ ನೋಡಿಸುತ್ತೇನೆ. ಹೋಗದಿದ್ದರೆ ಅಡಿಕೆ ತನ್ನ ಕೆಲಸ ಶುರು ಮಾಡಿರುತ್ತದೆ: ಅದರ ಸಾರದಿಂದ ಕೆನ್ನೆಯೊಳಗೆ ನಾರು ಬೆಳೆದು ಬಾಯಿ ಬಿಗಿಯುತ್ತಾ ಹೋಗುತ್ತದೆ, ಆ ನಾರು ಮತ್ತೆ ಕರಗುವುದಿಲ್ಲ, ಅಂಥವರಲ್ಲಿ ಕೆಲವರಿಗೆ ಮುಂದೆ ಕ್ಯಾನ್ಸರ್ ಆಗುತ್ತದೆ.

"ನಾನು ಹೊಗೆಸೊಪ್ಪು ಹಾಕಲ್ಲ ಡಾಕ್ಟ್ರೇ, ಬರೀ ಅಡಿಕೆ" ಅನ್ನುವವರು ತುಂಬ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಅಡಿಕೆಯನ್ನು ತಂಬಾಕಿಲ್ಲದೆಯೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಇದನ್ನು ಊರಲ್ಲಿ ಹೇಳಿದರೆ ನಮ್ಮಪ್ಪನ ಸ್ನೇಹಿತರೇ ಬೇಜಾರು ಮಾಡಿಕೊಳ್ಳುತ್ತಾರೆ. ಆದರೂ ಹೇಳುತ್ತೇನೆ. ಇನ್ನು ಹುಡುಗರ ಕತೆ. 2013ರಲ್ಲಿ ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧ ಆಯ್ತು, ಈಗ ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ, ಎರಡನ್ನೂ ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾರೆ. ಇಪ್ಪತ್ತೆರಡು ವರ್ಷದವರ ಬಾಯಿ ಎರಡು ಬೆರಳಿನಷ್ಟೂ ತೆರೆಯದೆ ಇರುವುದನ್ನು ನೋಡಿದ್ದೇನೆ.

ಹುಣ್ಣು ಕಂಡ ಕೂಡಲೇ ನಾನು ಹೆದರಿಸುವುದಿಲ್ಲ. ಚೂಪು ಹಲ್ಲು ತಾಗುತ್ತಿದ್ದರೆ ಅದನ್ನು ಉಜ್ಜಿ ನಯ ಮಾಡಿ, ಕವಳ ನಿಲ್ಲಿಸಲು ಹೇಳಿ, ಎರಡು ವಾರಕ್ಕೆ ಬನ್ನಿ ಅನ್ನುತ್ತೇನೆ. ಬರದಿದ್ದರೆ ನಾನೇ ಫೋನ್ ಮಾಡುತ್ತೇನೆ. ಎರಡು ವಾರಕ್ಕೂ ಮಾಯದಿದ್ದರೆ ಬಯಾಪ್ಸಿ, ಅಂದ್ರೆ ಹುಣ್ಣಿನ ಒಂದು ಚೂರು ತೆಗೆದು ಲ್ಯಾಬ್ ಪರೀಕ್ಷೆಗೆ ಕಳಿಸುವುದು. ಇಲ್ಲೇ ಜನ ಹಿಂದೆ ಸರಿಯುವುದು. ಸೂಜಿ, ಕತ್ತಿ ತಾಗಿಸಿದರೆ ಹರಡುತ್ತದೆ ಅಂತ ಯಾರೋ ಹೇಳಿರುತ್ತಾರೆ. ಹಾಗೆ ಹರಡುವುದಿಲ್ಲ. ಹರಡುವುದಕ್ಕೆ ದಾರಿ ಕೊಡುವುದು ನಾವು ಸುಮ್ನೆ ಕಳೆಯುವ ವಾರಗಳು. ಮರಗಟ್ಟಿಸಿ ಹೆಸರುಕಾಳಿನಷ್ಟು ತುಂಡು ತೆಗೆಯುತ್ತೇನೆ, ಅದೂ ಹುಣ್ಣಿನ ಅಂಚಿನಿಂದ, ಸ್ವಲ್ಪ ಚೆನ್ನಾಗಿರುವ ಜಾಗವೂ ಸೇರುವ ಹಾಗೆ. ನಡುವಿನಿಂದ ತೆಗೆದರೆ ಸತ್ತ ಮಾಂಸವೇ ಸಿಕ್ಕು ರಿಪೋರ್ಟ್ ಏನೂ ಹೇಳದೆ ಬರಬಹುದು. ಒಂದೋ ಎರಡೋ ಹೊಲಿಗೆ, ತುಂಡು ಫಾರ್ಮಲಿನ್ ಬಾಟಲಿಗೆ, ಬಾಟಲಿ ಸಂಜೆ ಬಸ್ಸಿಗೆ.

ಹೀಗೆ ಬಾಯಿ ನೋಡುವುದರಿಂದ ಏನಾಗುತ್ತದೆ ಅಂತ ಕೇಳುವವರಿಗೆ ತಿರುವನಂತಪುರದ ಅಧ್ಯಯನದ ಬಗ್ಗೆ ಹೇಳುತ್ತೇನೆ. ಅಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದರು. 2005ರಲ್ಲಿ ಬಂದ ಫಲಿತಾಂಶದ ಪ್ರಕಾರ ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು 34% ಕಡಿಮೆಯಾಗಿತ್ತು.

ಕ್ಯಾನ್ಸರ್ ಅಂತ ಬಂದರೆ ಮುಖ್ಯ ಚಿಕಿತ್ಸೆ ಆಪರೇಷನ್. ಗಡ್ಡೆಯನ್ನು ಸುತ್ತ ಒಂದು ಸೆಂಟಿಮೀಟರಿನಷ್ಟು ಒಳ್ಳೆ ಭಾಗ ಸೇರಿಸಿ ತೆಗೆಯುತ್ತಾರೆ. ಬಾಯಿ ಕ್ಯಾನ್ಸರ್ ಸಾಮಾನ್ಯವಾಗಿ ಮೊದಲು ಹರಡುವುದು ಕುತ್ತಿಗೆಯ ಗ್ರಂಥಿಗಳಿಗೆ, ಹಾಗಾಗಿ ಅವನ್ನೂ ತೆಗೆಯುತ್ತಾರೆ. "ಕುತ್ತಿಗೆಯಲ್ಲಿ ಗಂಟೇ ಇಲ್ವಲ್ಲ, ಅಲ್ಲಿ ಯಾಕೆ ಕೊಯ್ಯಬೇಕು?" ಅಂತ ಎಲ್ಲರೂ ಕೇಳುತ್ತಾರೆ. ಮುಂಬೈನ ಟಾಟಾ ಆಸ್ಪತ್ರೆಯವರು 2015ರಲ್ಲಿ ಇದಕ್ಕೆ ಉತ್ತರ ಕೊಟ್ಟರು: ಮೊದಲೇ ಕುತ್ತಿಗೆಯ ಗ್ರಂಥಿ ತೆಗೆಸಿಕೊಂಡವರಲ್ಲಿ ಮೂರು ವರ್ಷದ ನಂತರ 80% ಜನ ಬದುಕಿದ್ದರು, ಗಂಟು ಕಂಡರೆ ಮಾತ್ರ ತೆಗೆಯೋಣ ಅಂತ ಕಾದವರಲ್ಲಿ 67.5%. ಗ್ರಂಥಿಯಲ್ಲೂ ಕ್ಯಾನ್ಸರ್ ಸಿಕ್ಕರೆ ಸಾಮಾನ್ಯವಾಗಿ ಆರು ವಾರ ರೇಡಿಯೇಷನ್, ಕೆಲವರಿಗೆ ಜೊತೆಗೆ ಕೀಮೋ.

ರೇಡಿಯೇಷನ್‌ಗೆ ಮುಂಚೆ ಹಾಳಾದ ಹಲ್ಲುಗಳನ್ನು ತೆಗೆಸಿ ಗಾಯ ಮಾಯಲು ಎರಡು ವಾರವಾದರೂ ಬಿಡಬೇಕು. ಇದನ್ನು ನಾನು ಒತ್ತಿ ಒತ್ತಿ ಹೇಳುತ್ತೇನೆ. ಆಮೇಲೆ ಕಿತ್ತರೆ ಕಿರಣ ಬಿದ್ದ ಮೂಳೆ ಮಾಯದೆ ಕೊಳೆಯುವ ಅಪಾಯ ಇದೆ. ರೇಡಿಯೇಷನ್ನಿಂದ ಎಂಜಲೂ ಒಣಗುತ್ತದೆ, ಹಲ್ಲು ಬೇಗ ಹುಳುಕಾಗುತ್ತದೆ, ಅದಕ್ಕೆ ದಿನಾ ಫ್ಲೋರೈಡ್ ಬೇಕು.

ಈಗ ನನ್ನ ಹತ್ತಿರ ಬರುವ ಒಬ್ಬರು ಲಾರಿ ಡ್ರೈವರ್. ಹಲ್ಲು ಜುಂ ಅನ್ನುತ್ತದೆ ಅಂತ ಬಂದಿದ್ದರು, ಎಡ ಸಂದಿನಲ್ಲಿ ನಾಲ್ಕಾಣೆಗಿಂತ ಚಿಕ್ಕ ಹುಣ್ಣು, ನೋವೇ ಇಲ್ಲ. ಬಯಾಪ್ಸಿಯಲ್ಲಿ ಸಿಕ್ಕಿತು. ಬಿಪಿಎಲ್ ಕಾರ್ಡಿನ ಯೋಜನೆಯಲ್ಲಿ ಆಪರೇಷನ್ ಆಯ್ತು, ಗ್ರಂಥಿಗಳೆಲ್ಲ ಚೆನ್ನಾಗಿದ್ದವು, ರೇಡಿಯೇಷನ್ ಬೇಕಾಗಲಿಲ್ಲ. ಬಾಯಿ ಮಾತ್ರ ಬಿಗಿದಿತ್ತು. ಐಸ್‌ಕ್ರೀಂ ಕಡ್ಡಿಗಳನ್ನು ಒಟ್ಟು ಮಾಡಿ ಹಲ್ಲಿನ ನಡುವೆ ಇಟ್ಟುಕೊಳ್ಳುವ ವ್ಯಾಯಾಮ ಹೇಳಿಕೊಟ್ಟೆ, ವಾರಕ್ಕೊಂದು ಕಡ್ಡಿ ಸೇರಿಸಿ ಅಂದೆ. ಒಂಬತ್ತರಿಂದ ಶುರು ಮಾಡಿದರು. ತಿಂಗಳಿಗೊಮ್ಮೆ ತಪಾಸಣೆಗೆ ಬಂದಾಗ ರಬ್ಬರ್ ಬ್ಯಾಂಡ್ ಸುತ್ತಿದ ಆ ಕಟ್ಟನ್ನು ಅಂಗಿ ಜೇಬಿಂದ ತೆಗೆದು ಮೇಜಿನ ಮೇಲೆ ಇಡುತ್ತಾರೆ. ಮೊದಲು ಆ ಜೇಬಲ್ಲಿ ಚೀಟಿ ಇರುತ್ತಿತ್ತು. ಕಳೆದ ಸಲ ಎಣಿಸಿದೆ, ಹದಿನೈದು ಕಡ್ಡಿ. "ಡಾಕ್ಟ್ರೇ, ದೋಸೆ ಈಗ ಸಣ್ಣ ಸಣ್ಣ ಚೂರು ಮಾಡೋದು ಬೇಡ, ಮಡಚಿ ಹಾಕ್ಕೊಳ್ತೀನಿ" ಅಂದರು.