ಕಪ್ಪಿಂಗ್ ಮೇಜಿನಲ್ಲಿ ಕಲಿತ ವಾಸನೆಯ ಇಂಗ್ಲಿಷ್

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಕಾಫಿ ಬೀಜದ ಸಿಪ್ಪೆ ಸುಲಿದು ವಿಂಗಡಿಸುವ ಕಾರ್ಖಾನೆಯಲ್ಲಿ, ಕಾಫಿಯ ವಾಸನೆ, ರುಚಿ ನೋಡಿ ವರದಿ ಬರೆಯುವುದು ನನ್ನ ಕೆಲಸ. ಹೀಗೆ ನೋಡುವುದಕ್ಕೆ ‘ಕಪ್ಪಿಂಗ್’ ಎನ್ನುತ್ತಾರೆ. ಸೇರಿ ಹನ್ನೊಂದು ವರ್ಷವಾಯಿತು. ಮೂಡಿಗೆರೆ ಕಡೆಯ ತೋಟದ ಮನೆಯಲ್ಲಿ ಬೆಳೆದವಳು ನಾನು. ಮುಗ್ಗಿದ ಬೀಜ ಯಾವುದು, ಹುಳಿ ಬಂದ ಪಾರ್ಚ್‌ಮೆಂಟ್ (ಒಳಸಿಪ್ಪೆ ಇರುವ ಬೀಜ) ಯಾವುದು ಎಂದು ಕಣಕ್ಕೆ ಕಾಲಿಟ್ಟ ಕೂಡಲೇ ಮೂಗಿಗೆ ಗೊತ್ತಾಗುತ್ತಿತ್ತು. ಗೊತ್ತಾದದ್ದನ್ನು ಇಂಗ್ಲಿಷಿನಲ್ಲಿ ಬರೆಯಬೇಕಾದಾಗ ಮಾತ್ರ ಕೈ ನಿಲ್ಲುತ್ತಿತ್ತು. ಏಳನೇ ತರಗತಿಯವರೆಗೆ ಕನ್ನಡ ಮಾಧ್ಯಮ. ಆಮೇಲೆ ಕಲಿತ ಇಂಗ್ಲಿಷ್ ಪರೀಕ್ಷೆಗೆ ಸಾಕಾಗಿತ್ತು, ಮೂಗಿಗೆ ಸಾಲುತ್ತಿರಲಿಲ್ಲ.

ಮೊದಲ ವರ್ಷದ ಒಂದು ವರದಿ ಇಂದಿಗೂ ಮನಸ್ಸಿನಲ್ಲಿ ಕುಳಿತಿದೆ. ಒಬ್ಬ ಬೆಳೆಗಾರರ ಅರೇಬಿಕಾ ಬಂದಿತ್ತು, ಬಹಳ ಒಳ್ಳೆಯ ಲಾಟು. ‘ಈ ಕಾಫಿ ಘಮ್ಮೆನ್ನುತ್ತದೆ’ ಎನ್ನುವ ಅರ್ಥದಲ್ಲಿ ‘ದಿಸ್ ಕಾಫಿ ಸ್ಮೆಲ್ಸ್’ ಎಂದು ಬರೆದು ಕಳುಹಿಸಿದೆ. ಮರುದಿನ ಕೊಳ್ಳುವವರಿಂದ ಫೋನ್ ಬಂತು. ನಮ್ಮ ಹಿರಿಯರು ನನ್ನನ್ನು ಕರೆದು, “ಏನಮ್ಮ, ಇಷ್ಟು ಚೆನ್ನಾಗಿರುವ ಲಾಟು ನಾತ ಹೊಡೆಯುತ್ತಿದೆ ಎಂದು ಬರೆದಿದ್ದೀಯಲ್ಲ” ಎಂದರು. ಗದರಿಸಲಿಲ್ಲ, ಆದರೆ ಎರಡನೇ ಸಲ ಕಪ್ಪಿಂಗ್ ಮಾಡಿ ತೋರಿಸುವವರೆಗೆ ಆ ಬೆಳೆಗಾರರ ಕಾಫಿ ಗೋದಾಮಿನಲ್ಲೇ ಉಳಿಯಿತು. ವರ್ಷವಿಡೀ ದುಡಿದವರ ಬೆಳೆ ನನ್ನ ಒಂದು ಪದದಿಂದ ನಿಂತಿತ್ತು.

ಮನೆಗೆ ಹೋಗಿ ಯೋಚಿಸಿದಾಗ ಹೊಳೆಯಿತು: ಕನ್ನಡದಲ್ಲೂ ಹೀಗೆಯೇ ಅಲ್ಲವೇ? ‘ವಾಸನೆ’ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಸಲ್ಲುವ ಪದ. ಆದರೆ ‘ಈ ಬಟ್ಟೆ ವಾಸನೆ ಬರುತ್ತಿದೆ’ ಎಂದು ಅಷ್ಟೇ ಹೇಳಿದರೆ ಒಗೆಯಬೇಕು ಎಂದೇ ಅರ್ಥ. ‘ಸ್ಮೆಲ್ಸ್’ ಕೂಡ ಹಾಗೆ. ಪಕ್ಕದಲ್ಲಿ ‘ಸ್ವೀಟ್’, ‘ಫ್ರೆಶ್’ ಎಂಬ ಗುಣವಾಚಕವೊಂದು ಇಲ್ಲದಿದ್ದರೆ ಅದು ದೂರು. ಹಾಗೆ ಸೇರಿಸುವಾಗಲೂ ‘ಸ್ಮೆಲ್ಸ್ ಸ್ವೀಟ್’ ಎನ್ನಬೇಕು, ‘ಸ್ವೀಟ್ಲಿ’ ಅಲ್ಲ. ಸಿಹಿ ಇರುವುದು ಕಾಫಿಯಲ್ಲಿ.

ಅಂದಿನಿಂದ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಪುಟಕ್ಕೆ ಮೂರು ಕಂಬ ಗೀಚಿದೆ: ನಾನು ಮಾಡುವುದು, ನನಗೆ ಆಗುವುದು, ವಸ್ತು ಮಾಡುವುದು. ಕಣ್ಣಿಗೆ ಇಂಗ್ಲಿಷಿನಲ್ಲಿ ಬೇರೆ ಬೇರೆ ಮಾತುಗಳಿವೆ. ಬೇಕೆಂದು ನೋಡಿದರೆ ‘ಲುಕ್’, ತಾನಾಗಿ ಕಂಡರೆ ‘ಸೀ’. ಕಿವಿಗೂ ಹಾಗೆಯೇ: ಕಿವಿಗೊಟ್ಟರೆ ‘ಲಿಸನ್’, ಕಿವಿಗೆ ಬಿದ್ದರೆ ‘ಹಿಯರ್’, ಕೇಳಿಸುವ ವಸ್ತುವಿಗೆ ‘ಸೌಂಡ್’. ಮೂಗಿನ ಪುಟಕ್ಕೆ ಬಂದಾಗ ಮೂರು ಕಂಬದಲ್ಲೂ ಬರೆಯಬೇಕಾದದ್ದು ಒಂದೇ ‘ಸ್ಮೆಲ್’. ನಾಲಿಗೆಗೆ ಮೂರರಲ್ಲೂ ‘ಟೇಸ್ಟ್’, ಚರ್ಮಕ್ಕೆ ‘ಫೀಲ್’. ಕನ್ನಡದಲ್ಲಿ ನಾನು ಮೂಸಿ ನೋಡುತ್ತೇನೆ, ನನಗೆ ವಾಸನೆ ಬರುತ್ತದೆ, ಕಾಫಿ ಘಮಘಮಿಸುತ್ತದೆ. ಎಷ್ಟು ಸ್ಪಷ್ಟ! ಮೂಸಿ ನೋಡು, ರುಚಿ ನೋಡು, ಮುಟ್ಟಿ ನೋಡು, ಕೇಳಿ ನೋಡು. ನಮ್ಮ ‘ನೋಡು’ ಕಣ್ಣನ್ನು ಬಿಟ್ಟು ಎಲ್ಲ ಇಂದ್ರಿಯಗಳ ಬೆನ್ನಿಗೂ ನಿಲ್ಲುತ್ತದೆ. ಈ ಸೊಗಸು ನನಗೆ ಕಂಡದ್ದು ಇಂಗ್ಲಿಷ್ ಕಲಿಯುವಾಗಲೇ.

ಹೆಚ್ಚು ತೊಂದರೆ ಕೊಟ್ಟದ್ದು ನಡುವಿನ ಕಂಬ. ‘ಹೊಗೆ ವಾಸನೆ ಬರುತ್ತಿದೆ’ ಎಂಬುದನ್ನು ನಾವು ‘ಸ್ಮೋಕ್ ಸ್ಮೆಲ್ ಈಸ್ ಕಮಿಂಗ್’ ಎಂದುಬಿಡುತ್ತೇವೆ. ಇಂಗ್ಲಿಷಿನವರ ಬಾಯಲ್ಲಿ ಅದು ‘ಐ ಕ್ಯಾನ್ ಸ್ಮೆಲ್ ಸ್ಮೋಕ್’. ನಮ್ಮಲ್ಲಿ ವಾಸನೆ ನಡೆದುಕೊಂಡು ಬರುತ್ತದೆ, ಅವರಲ್ಲಿ ಮನುಷ್ಯ ಅದನ್ನು ಹಿಡಿಯಬಲ್ಲ. ಇದನ್ನು ಅರಗಿಸಿಕೊಳ್ಳಲು ನನಗೆ ತಿಂಗಳುಗಳೇ ಬೇಕಾದವು.

ಇನ್ನು ನಾಮಪದಗಳು. ‘ಫ್ರಾಗ್ರೆನ್ಸ್’, ‘ಅರೋಮ’ ಎರಡಕ್ಕೂ ನಿಘಂಟಿನಲ್ಲಿ ‘ಪರಿಮಳ’ ಎಂದೇ ಇತ್ತು. ವ್ಯತ್ಯಾಸ ಕಲಿಸಿದ್ದು ಕಪ್ಪಿಂಗ್ ಮೇಜು. ಪ್ರತಿ ಬಟ್ಟಲಿಗೆ 8.25 ಗ್ರಾಂ ಪುಡಿ. ನೀರು ಹಾಕುವ ಮೊದಲು ಬಟ್ಟಲನ್ನು ಮೆಲ್ಲಗೆ ತಟ್ಟಿ, ಮೂಗನ್ನು ಅಂಚಿನ ಒಳಗೇ ಇಟ್ಟು ಒಣ ಪುಡಿಯನ್ನು ಮೂಸಬೇಕು. ಆ ಒಣ ಕಂಪು ‘ಫ್ರಾಗ್ರೆನ್ಸ್’. ಆಮೇಲೆ ಸುಮಾರು 93 ಡಿಗ್ರಿ ಸೆಲ್ಸಿಯಸ್‌ನ 150 ಮಿಲಿಲೀಟರ್ ನೀರು ಸುರಿಯುತ್ತೇವೆ. ಪುಡಿ ಮೇಲೆದ್ದು ಕಂದು ಕೆನೆಯಂತೆ ಕಟ್ಟಿಕೊಳ್ಳುತ್ತದೆ. ನಾಲ್ಕು ನಿಮಿಷ ಕಾದು ಚಮಚದ ಬೆನ್ನಿನಿಂದ ಆ ಕೆನೆಯನ್ನು ಒಡೆದಾಗ ಅಡಗಿದ್ದ ಆವಿ ಒಮ್ಮೆಲೇ ಮುಖಕ್ಕೆ ಎದ್ದು ಬರುತ್ತದೆ. ಅದು ‘ಅರೋಮ’. ಮೂಗು ಅಷ್ಟು ಹತ್ತಿರ ಇಲ್ಲದಿದ್ದರೆ ಆ ಕ್ಷಣ ಕಳೆದುಹೋಗುತ್ತದೆ, ಮತ್ತೆ ಸಿಗುವುದಿಲ್ಲ. ಒಣದಕ್ಕೆ ಒಂದು ಪದ, ಒದ್ದೆಗೆ ಇನ್ನೊಂದು ಎಂದು ಒಂದು ಸಲ ಮೂಗಿನಲ್ಲಿ ಕಲಿತ ಮೇಲೆ ಮರೆತಿಲ್ಲ. ಇದು ಕಾಫಿಯವರ ಒಪ್ಪಂದ. ಸಾಮಾನ್ಯ ಇಂಗ್ಲಿಷಿನಲ್ಲಿ ‘ಫ್ರಾಗ್ರೆನ್ಸ್’ ಹೂವಿನ ಕಡೆಗೆ, ‘ಅರೋಮ’ ಅಡುಗೆಮನೆಯ ಕಡೆಗೆ ವಾಲುತ್ತದೆ.

‘ಸೆಂಟ್’ ಎಂದರೆ ಬಟ್ಟೆಗೆ ಹಾಕುವ ಸೆಂಟು ಎಂದಷ್ಟೇ ತಿಳಿದಿದ್ದೆ. ಅದು ಪ್ರಾಣಿ ಬಿಟ್ಟುಹೋದ ಜಾಡೂ ಹೌದು. ನಮ್ಮ ತೋಟದ ನಾಯಿ ಬೆಳಗ್ಗೆ ಹಂದಿ ಹೋದ ದಾರಿಯಲ್ಲಿ ನೆಲಕ್ಕೆ ಮೂಗು ಹಚ್ಚಿ ಹೋಗುತ್ತದಲ್ಲ, ಅದು ಹಿಡಿದಿರುವುದು ‘ಸೆಂಟ್’, ಮಾಡುತ್ತಿರುವುದು ‘ಸ್ನಿಫ್’. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗೆ ಅರಳಿದಾಗ, ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ಮಲ್ಲಿಗೆಯಂತಹ ಕಂಪು ಒಮ್ಮೆ ಸುಳಿದು ಹೋಗುತ್ತದೆ. ಆ ಸುಳಿದದ್ದು ‘ವಿಫ್’. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಗೆ ‘ಪೆಟ್ರಿಕೋರ್’ ಎಂಬ ಪದ ಬಂದದ್ದು 1964ರಲ್ಲಿ, ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳಿಂದ. ಮಳೆಯಲ್ಲಿ ಹಿತವಾದ ಆ ಮಣ್ಣು ಬಟ್ಟಲಿನಲ್ಲಿ ಬಂದರೆ ನಾನು ಅಂಕ ಕಳೆಯುತ್ತೇನೆ.

ಪದಗಳೂ ಹಳಸುತ್ತವೆ ಎಂದು ಕಂಡಾಗ ಬಹಳ ಬೆರಗಾಯಿತು. ‘ಸ್ಟಿಂಕ್’ ಹಳೆಯ ಇಂಗ್ಲಿಷಿನಲ್ಲಿ ಯಾವುದೇ ವಾಸನೆ ಬೀರುವುದಕ್ಕೆ, ಒಳ್ಳೆಯದಕ್ಕೂ, ಸಲ್ಲುತ್ತಿತ್ತು. ಹಳೆಯ ತಮಿಳಿನಲ್ಲಿ ‘ನಾಟ್ರಂ’ ಸುಗಂಧ, ಇಂದು ದುರ್ನಾತ. ‘ವಾಸನೆ’ಯೂ ಅದೇ ದಾರಿ ಹಿಡಿದಿದೆಯೇನೋ ಎಂದು ನನಗೆ ಒಮ್ಮೊಮ್ಮೆ ಸಂಕಟವಾಗುತ್ತದೆ.

ಈಗ ಹೊಸದಾಗಿ ಸೇರಿದವರಿಗೆ ನಾನು ಇಂಗ್ಲಿಷ್ ಪದಗಳ ಪಟ್ಟಿ ಕೊಡುವುದಿಲ್ಲ. ಮೊದಲು ಕನ್ನಡದಲ್ಲಿ ಹೇಳಿ ಎನ್ನುತ್ತೇನೆ: ಕಮಟೋ, ಸೀದದ್ದೋ, ಹಸಿಯೋ, ಘಾಟೋ. ಈ ವರ್ಷ ಬಂದ ಸಕಲೇಶಪುರದ ಹುಡುಗಿ ಒಂದು ಬಟ್ಟಲಿನ ಮುಂದೆ ಬಹಳ ಹೊತ್ತು ನಿಂತು, “ಅಕ್ಕಾ, ಒದ್ದೆ ಗೋಣಿಚೀಲದ ವಾಸನೆ” ಎಂದಳು. ಸರಿಯಾಗಿ ಹಿಡಿದಿದ್ದಳು. “ಬರೆಯಮ್ಮ” ಎಂದೆ. ಪೆನ್ನು ಹಿಡಿದವಳು ಕೇಳಿದಳು: “‘ಸ್ಮೆಲ್ಸ್ ಆಫ್’ ಎಂದು ಬರೆಯಲೋ, ‘ಸ್ಮೆಲ್ಸ್ ಲೈಕ್’ ಎಂದು ಬರೆಯಲೋ?”

‘ಲೈಕ್’ ಎಂದರೆ ಗೋಣಿಯ ಹಾಗೆ, ಅಷ್ಟೇ. ‘ಆಫ್’ ಎಂದರೆ ಗೋಣಿಯೇ ಒಳಗೆ ಇಳಿದಿದೆ. ಮೇಜಿನ ಬಳಿ ನಿಂತು ಹೇಳುವ ಮಾತಲ್ಲ ಅದು. ಇಬ್ಬರೂ ಗೋದಾಮಿಗೆ ಹೋದೆವು. ಆ ಲಾಟಿನ ಚೀಲಗಳು ಗೋಡೆಗೆ ತಾಗಿಕೊಂಡೇ ಇದ್ದವು. ಕೆಳಗಿನ ಸಾಲಿನ ಮೇಲೆ ಅವಳು ಅಂಗೈ ಇಟ್ಟು ನೋಡಿದಳು, ತಂಪಾಗಿತ್ತು. ವಾಪಸ್ ಬಂದು ‘ಆಫ್’ ಎಂದು ಬರೆದಳು.