ಗೇರ್ ಆಯಿಲ್ ಇಳಿಸುವ ಮುಂಚೆ ಮೇಲಿನ ಬೋಲ್ಟ್ ಬಿಚ್ಚಿ ನೋಡಿ

ಹೋದ ಭಾನುವಾರ ಕುವೆಂಪುನಗರದ ಮನೆಯಲ್ಲೇ ನನ್ನ ಸ್ಪೋರ್ಟ್ಸ್ ಕಾರಿನ ಗೇರ್ ಆಯಿಲ್ ಬದಲಿಸಿದೆ. ಬೆಳಗ್ಗೆ ಎರಡನೇ ಗೇರ್ ಸಲೀಸಾಗಿ ಬೀಳುತ್ತಿರಲಿಲ್ಲ.

ಆಯಿಲ್ ತುಂಬುವ ಬೋಲ್ಟನ್ನೇ ಮೊದಲು ಬಿಚ್ಚಿ. ಹಳೆ ಆಯಿಲ್ ಪೂರ್ತಿ ಇಳಿಸಿದ ಮೇಲೆ ಅದು ಕಚ್ಚಿಕೊಂಡಿದೆ ಅಂತ ಗೊತ್ತಾದರೆ ಕಾರು ಗ್ಯಾರೇಜಿಗೂ ಹೋಗಲ್ಲ, ಅಲ್ವಾ!

ತಣ್ಣಗಿದ್ದರೆ ಆಯಿಲ್ ಜೇನುತುಪ್ಪದ ಹಾಗೆ ನಿಧಾನ ಇಳಿಯುತ್ತದೆ. ಅದು ಬಿಸಿಯಾಗಲಿ ಅಂತ ನಾನು ಚಾಮುಂಡಿ ಬೆಟ್ಟ ಹತ್ತಿಳಿದು ಬಂದೆ. ಕೈ ಸುಡದಷ್ಟು ಆರಲು ಬಿಡಿ. ಕಾರು ತಗ್ಗು, ಜ್ಯಾಕ್ ನುಗ್ಗಲ್ಲ. ಚಕ್ರಗಳನ್ನು ಹಲಗೆ ಮೇಲೆ ಹತ್ತಿಸಿ ಆಮೇಲೆ ಜ್ಯಾಕ್ ಕೊಟ್ಟೆ. ಬರೀ ಜ್ಯಾಕ್ ನಂಬಿ ಕೆಳಗೆ ಮಲಗಬೇಡಿ, ನಾಲ್ಕೂ ಕಡೆ ಸ್ಟ್ಯಾಂಡ್ ಇರಲಿ. ಕಾರು ಸಮತಟ್ಟಾಗಿ ನಿಲ್ಲದಿದ್ದರೆ ಆಯಿಲ್ ಮಟ್ಟವೂ ತಪ್ಪುತ್ತದೆ.

ಇಳಿಸುವ ಬೋಲ್ಟಿನ ತುದಿಯ ಆಯಸ್ಕಾಂತಕ್ಕೆ ಬೂದು ಬಣ್ಣದ ಪೇಸ್ಟ್ ಮೆತ್ತಿತ್ತು. ಕಾಡಿಗೆ ಥರ ನುಣ್ಣಗಿದ್ದರೆ ಅದು ಮಾಮೂಲಿ ಸವೆತ. ಲೋಹದ ಚೂರು, ಗೇರ್ ಹಲ್ಲಿನ ತುಂಡು ಸಿಕ್ಕರೆ ಮಾತ್ರ ಮೆಕ್ಯಾನಿಕ್ ಹತ್ತಿರ ಹೋಗಿ.

ಹೊಸ ಆಯಿಲ್ ಕೊಳ್ಳುವಾಗ ಅಂಗಡಿಯವರು 'ಎಲ್ಲಾ ಒಂದೇ ಸಾರ್' ಅಂದರೆ ಸುಮ್ನೆ ತರಬೇಡಿ. ಕಾರಿನ ಮ್ಯಾನ್ಯುಯಲ್‌ನಲ್ಲಿ ಜಿಎಲ್-4 (ಗೇರ್ ಆಯಿಲಿನ ಒಂದು ದರ್ಜೆ) ಅಂತಿದ್ದರೆ ಅದೇ ಬೇಕು. ಜಿಎಲ್-5ರಲ್ಲಿ ಗಂಧಕ, ರಂಜಕದ ಅಂಶ ಜಾಸ್ತಿ. ಕೆಲವು ಗೇರ್‌ಬಾಕ್ಸ್‌ಗಳ ಹಿತ್ತಾಳೆಯ ಸಿಂಕ್ರೊ ರಿಂಗನ್ನು (ಗೇರ್ ಸಲೀಸಾಗಿ ಬೀಳಿಸುವ ಬಳೆ) ಅದು ತಿನ್ನಬಹುದು.

ಬೋಲ್ಟಿನ ವಾಷರ್ ಹೊಸದು ಹಾಕಿ. ಸಾಮಾನ್ಯವಾಗಿ ತುಂಬುವ ತೂತಿನ ಅಂಚಿನಿಂದ ಆಯಿಲ್ ತೊಟ್ಟಿಕ್ಕಿದರೆ ಮಟ್ಟ ಸರಿ ಅಂತ ಲೆಕ್ಕ. ಹಳೇದನ್ನು ಮೋರಿಗೆ ಸುರಿಯಬೇಡಿ, ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ.