ಎಲ್‌ಬಿವಿ ಪೋರ್ಟ್: ನಾಲ್ಕನೇ ದಿನದ ಮಾರ್ಕ್ಸ್ ನಂಬಿದ ನನ್ನ ಅನುಭವ

ಪೋರ್ಚುಗಲ್ಲಿನ ಪೋರ್ಟೊ ಊರಿನ ಒಂದು ಚಿಕ್ಕ ರೆಸ್ಟೋರೆಂಟಿಗೆ ವೈನ್ ಆರಿಸುವುದು ನನ್ನ ಕೆಲಸ. ಲೇಟ್ ಬಾಟಲ್ಡ್ ವಿಂಟೇಜ್ (ಎಲ್‌ಬಿವಿ), ಅಂದರೆ ಒಂದೇ ವರ್ಷದ ಕೊಯ್ಲಿನಿಂದ ಮಾಡಿ ತಡವಾಗಿ ಬಾಟಲಿಗೆ ತುಂಬುವ ಸಿಹಿ ಪೋರ್ಟ್ ವೈನ್, ನಮ್ಮಲ್ಲಿ ಗ್ಲಾಸಿನ ಲೆಕ್ಕದಲ್ಲಿ ಹೋಗುತ್ತದೆ. ಬಿರಡೆ ತೆಗೆದ ಕೂಡಲೇ ರುಚಿ ನೋಡಿ ಮಾರ್ಕ್ಸ್ ಹಾಕುವುದು ಎಲ್ಲರ ರೂಢಿ. ನಾಲ್ಕನೇ ದಿನದ ಮಾರ್ಕ್ಸಿಗೇ ಜಾಸ್ತಿ ತೂಕ ಕೊಡೋಣ ಅಂದಾಗ ಜೊತೆಯವರು ಒಪ್ಪಲಿಲ್ಲ. "ಅಷ್ಟೊತ್ತಿಗೆ ಅದರಲ್ಲಿ ಏನಿರುತ್ತೆ?" ಅಂದರು. ಈಗ ಅವರೂ ಹಾಗೇ ಮಾಡುತ್ತಿದ್ದಾರೆ.

ದುಡ್ಡಿನ ವಿಷಯ ಮೊದಲು. ಬಾಟಲಿ ನಮಗೆ 15ರಿಂದ 20 ಯೂರೋಗೆ ಸಿಗುತ್ತದೆ. 60 ಮಿಲಿಯಂತೆ ಅಳೆದರೆ 12 ಗ್ಲಾಸ್, ಗಸಿ ಕಳೆದರೆ 11. ಗ್ಲಾಸಿಗೆ 6 ಯೂರೋ. ಲೆಕ್ಕ ಚೆನ್ನಾಗೇ ಕಾಣುತ್ತೆ, ಅಲ್ವಾ? ಆದರೆ ವಾರದ ನಡುವೆ ಗಿರಾಕಿಗಳು ಕಡಿಮೆ. ಕೊನೆಯ ಮೂರ್ನಾಲ್ಕು ಗ್ಲಾಸ್ ಸಿಂಕಿಗೇ ಸೇರುತ್ತಿತ್ತು.

ಪದಕ ಗೆದ್ದ ಬಾಟಲಿಗಳನ್ನು ತಂದು ನೋಡಿದೆವು. ಮೊದಲ ದಿನ ಘಮಘಮ, ಮೂರನೇ ದಿನ ಬರೀ ಸಿಹಿ. ಗಾಳಿ ಎಳೆಯುವ ಪಂಪ್ ಕೊಂಡೆವು. ಗಾಳಿಯ ಜೊತೆ ಪರಿಮಳವೂ ಹೋಯಿತು, ದುಡ್ಡೂ ಹೋಯಿತು. ಫ್ರಿಜ್ಜಿನಿಂದ ತೆಗೆದು ತಣ್ಣಗೇ ಕುಡಿದರೆ ಒಗರು ಮಾತ್ರ ಮುಂದೆ ಬರುತ್ತದೆ, ಹಣ್ಣು ಅಡಗುತ್ತದೆ. ರುಚಿ ನೋಡಲು 17 ಡಿಗ್ರಿ ಆಸುಪಾಸು ಸಾಕು.

ನಾನು ಮೊದಲು ನೋಡುವುದು ಚೀಟಿಯ ಮೇಲಿನ ಎರಡು ಇಸವಿಗಳನ್ನು: ಕೊಯ್ಲಿನದು, ಬಾಟಲಿಗೆ ತುಂಬಿದ್ದು. ಕೊಯ್ಲಾದ 4ನೇ ವರ್ಷದ ಜುಲೈಯಿಂದ 6ನೇ ವರ್ಷದ ಕೊನೆಯವರೆಗೆ ತುಂಬಲು ಅವಕಾಶವಿದೆ. ಒಂದೇ ಕೊಯ್ಲಾದರೂ ಈ ಎರಡು ವರ್ಷದ ವ್ಯತ್ಯಾಸ ನಾಲಿಗೆಗೆ ಗೊತ್ತಾಗುತ್ತದೆ. ಬಾಟಲಿಗೆ ತುಂಬುವ ಮುಂಚೆ ಸೋಸಿದ್ದನ್ನೂ ಸೋಸದ್ದನ್ನೂ ಅಕ್ಕಪಕ್ಕ ಇಡುತ್ತೇನೆ. ಸೋಸದ ಬಾಟಲಿ ಹಿಂದಿನ ದಿನದಿಂದಲೇ ನಿಂತಿರಬೇಕು. ಕುತ್ತಿಗೆಯ ಕೆಳಗೆ ಟಾರ್ಚ್ ಹಿಡಿದು ನಿಧಾನಕ್ಕೆ ಬಸಿಯಬೇಕು. ಗಸಿ ಬಾಟಲಿಯ ಹೆಗಲಿಗೆ ಬಂತು ಅಂದರೆ ನಿಲ್ಲಿಸಿಬಿಡಿ. ಉಳಿದದ್ದನ್ನು ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿಯೂ ನೋಡಿದ್ದೇನೆ. ಕಾಗದವನ್ನು ಮೊದಲು ಬಿಸಿನೀರಲ್ಲಿ ತೊಳೆಯದಿದ್ದರೆ ಅದರ ರುಚಿ ಅಂಟುತ್ತದೆ. ಆ ವೈನ್ ಅಡುಗೆಮನೆಗೆ ಸರಿ.

ಬಾಟಲಿಗೆ ಬಟ್ಟೆ ಸುತ್ತಿ ಬೇರೆಯವರ ಕೈಲಿ ಸುರಿಸುತ್ತೇನೆ. ಒಟ್ಟು 20 ಮಾರ್ಕ್ಸ್. ಮೊದಲ ದಿನಕ್ಕೆ 4, ಎರಡನೇ ದಿನಕ್ಕೆ 6, ನಾಲ್ಕನೇ ದಿನಕ್ಕೆ 10. ಮೊದಲ ದಿನ ಆಲ್ಕೋಹಾಲಿನ ಘಾಟು ಮೂಗಿಗೆ ಹೊಡೆಯುತ್ತದೆಯಾ ಅಂತ ಮಾತ್ರ ನೋಡುತ್ತೇನೆ. ಶೇ. 20ರಷ್ಟಿದ್ದರೂ ಒಳ್ಳೆಯದರಲ್ಲಿ ಅದು ಎದ್ದು ಕಾಣಬಾರದು. ಎರಡನೇ ದಿನ ಸೋಸದ್ದು ಅರಳುತ್ತದೆ. ಟೂರಿಗಾ ನಾಸಿಯೊನಾಲ್ ದ್ರಾಕ್ಷಿಯ ಹೂವಿನ ಕಂಪು ಆಗಲೇ ಸಿಗುವುದು. ನಾಲ್ಕನೇ ದಿನ ಒಂದೇ ಪ್ರಶ್ನೆ: ಒಗರು ಇನ್ನೂ ಸಿಹಿಯನ್ನು ಹಿಡಿದು ನಿಲ್ಲಿಸಿದೆಯಾ? ಲೀಟರಿಗೆ ಸುಮಾರು 100 ಗ್ರಾಂ ಸಕ್ಕರೆ ಇರುವ ವೈನ್ ಇದು. ಒಗರು ಬಿದ್ದರೆ ಬೆಲ್ಲದ ಪಾಕ ಕುಡಿದ ಹಾಗಾಗುತ್ತದೆ.

ಇನ್ನೊಂದು ಪರೀಕ್ಷೆ. ಕುಡಿದ ಗ್ಲಾಸನ್ನು ತೊಳೆಯದೆ ರಾತ್ರಿಯಿಡೀ ಬಿಡಿ. ಬೆಳಗ್ಗೆ ತಳದಲ್ಲಿ ಒಣಗಿದ ಕಡುಗೆಂಪು ಪದರವನ್ನು ಮೂಸಿ. ಅಂಜೂರ, ಕೋಕೋ ವಾಸನೆ ಬಂದರೆ ಆ ಬಾಟಲಿ ನಾಲ್ಕನೇ ದಿನ ಕೈಕೊಟ್ಟಿದ್ದು ತೀರಾ ಕಡಿಮೆ.

ಮಿಕ್ಕ ಅರ್ಧವನ್ನು 375 ಮಿಲಿ ಬಾಟಲಿಗೆ ಕಂಠಪೂರ್ತಿ ತುಂಬಿಡುತ್ತೇನೆ. ಅದನ್ನು ಯಾವ ಹೊತ್ತಿಗೆ ತುಂಬುತ್ತೇನೆ, ಗ್ಲಾಸುಗಳನ್ನು ಯಾವ ಸಾಲಿನಲ್ಲಿ ಇಡುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ. ಊರಿಂದ ಬಂದ ಅಂಟಿನುಂಡೆ ಜೊತೆಗೂ ಸುಮ್ನೆ ನೋಡಿದೆ, ಕೂಡಲಿಲ್ಲ. ಅದಕ್ಕೆ ಪೀಪಾಯಿಯಲ್ಲೇ ದೀರ್ಘಕಾಲ ಮಾಗಿದ ಟಾನಿ ಪೋರ್ಟೇ ಸರಿ. ಸೆರಾ ದ ಎಸ್ಟ್ರೇಲಾ ಚೀಸ್ ಮಾತ್ರ ಚೆನ್ನಾಗಿ ಹೊಂದಿತು.

ಈಗ ಬಾಟಲಿಗೆ ಒಂದು ಗ್ಲಾಸೂ ಸಿಂಕಿಗೆ ಹೋಗುವುದಿಲ್ಲ. ನಮ್ಮ ಪಟ್ಟಿಯಲ್ಲಿ ಉಳಿದವು ಹೆಚ್ಚುಕಡಿಮೆ ಎಲ್ಲ ಸೋಸದವೇ. ಬಾಟಲಿಯಲ್ಲೇ ಕನಿಷ್ಠ 3 ವರ್ಷ ಮಾಗಿಸಿ ಬಿಡುವ ಎಲ್‌ಬಿವಿಗಳಿಗೆ ನಾಲ್ಕೈದು ಯೂರೋ ಜಾಸ್ತಿ. ಸದ್ಯ ಅವುಗಳ ಆರನೇ ದಿನದ ಮಾರ್ಕ್ಸ್ ಬರೆದಿಡುತ್ತಿದ್ದೇನೆ.